ಆ ದಿನದ ನೀರು

ಐರೋಲಿಯ ಎಂಟನೇ ಮಹಡಿಯಲ್ಲಿ
ನನ್ನ ತಮ್ಮ ಅಂಬೆಗಾಲಿಡುತ್ತಿದ್ದಾನೆ.
ಮೂವತ್ತಾರು ವರ್ಷ, ಬ್ಯಾಂಕಿನ ಕೆಲಸ, ತುಸು ಹೊಟ್ಟೆ.
ಹತ್ತು ತಿಂಗಳ ಮಗಳ ಕಣ್ಣಿನ ಎತ್ತರದಿಂದ
ತನ್ನದೇ ಮನೆಯನ್ನು ಜಾಲಾಡುತ್ತಿದ್ದಾನೆ.
'ಇಲ್ಲೊಂದು ಪ್ಲಗ್ಗು. ಇಸ್ತ್ರಿಯ ವೈರು ಜೋತಿದೆ.
ಸೋಫಾದಡಿ ಗುಂಡಿಯಂಥ ಬ್ಯಾಟರಿ, ನೋಡಕ್ಕ,
ಹೇಗೆ ಹೊಳೀತಿದೆ, ಪೆಪ್ಪರಮಿಂಟಿನ ಹಾಗೆ.'
ಟೀಪಾಯಿಯ ನಾಲ್ಕು ಮೂಲೆಗೂ ರಬ್ಬರಿನ ಟೊಪ್ಪಿಗೆ.
ಮಗು ಅವನನ್ನು ಆನೆ ಅಂದುಕೊಂಡು
ಬೆನ್ನು ಹತ್ತಲು ಪರದಾಡುತ್ತಿದೆ.

ತೋಳು ಮೇಲೆ ಸರಿದಾಗ
ಮುಂಗೈಯಿಂದ ಮೊಣಕೈವರೆಗೆ ಆ ಚರ್ಮ,
ಹಾಲಿನ ಕೆನೆ ನೆರಿಗೆಗಟ್ಟಿದಂತೆ.
'ಅಕ್ಕ, ಅವತ್ತು ಸರಿಯಾಗಿ ಏನಾಯ್ತು?'
ಅವನು ಕೇಳಿದ್ದು ಇದೇ ಮೊದಲು.

ಹೇಳಿದೆ.
ವಿಕ್ರೋಳಿ ಪಾರ್ಕ್‌ಸೈಟಿನ ಗುಡ್ಡದಲ್ಲಿ
ಹತ್ತಡಿಗೆ ಹನ್ನೆರಡಡಿ. ಅದರಲ್ಲೇ ಒಲೆ,
ಅದರಲ್ಲೇ ಹಾಸಿಗೆ, ಅದರಲ್ಲೇ ಮೋರಿ.
ಮೂಲೆಗೆ ರಬ್ಬರು ಹಾಕುವುದೆಲ್ಲಿ ಬಂತು,
ಮನೆಯೇ ಒಂದು ಮೂಲೆ.
ನಲ್ಲಿ ಗುಡ್ಡದ ಕೆಳಗೆ, ನಾಲ್ಕೂವರೆಯಿಂದ ಐದೂಕಾಲು.
ಅಪ್ಪ ಆಗಲೇ ಫೋರ್ಟಿನ ಹೋಟೆಲಲ್ಲಿ ಇಡ್ಲಿಯ ಹಬೆಯೆದುರು.
ಅಮ್ಮ ಅನ್ನ ಬಸಿದು, ಗಂಜಿಯ ಪಾತ್ರೆಯನ್ನು
ನಿನ್ನ ಕೈಗೆಟುಕಬಾರದೆಂದು ಟ್ರಂಕಿನ ಮೇಲಿಟ್ಟು,
ಮಸಿಬಟ್ಟೆ ಹೊದಿಸಿ,
ಕೊನೇ ಕೊಡಕ್ಕೆಂದು ಇಳಿದಳು.
'ತಮ್ಮನ್ನ ನೋಡ್ಕೋ' ಅಂದಳು.
ನನಗೆ ಏಳು ವರ್ಷ.

ನೀನು ನಿನ್ನೆಯವರೆಗೆ ನಿಲ್ಲುತ್ತಿರಲಿಲ್ಲ.
ಅವತ್ತು ನಿಲ್ಲಬೇಕೆನಿಸಿತು.
ನಿಲ್ಲುವವನಿಗೆ ಹಿಡಿಯಲು ಏನಾದರೂ ಬೇಕಲ್ಲ,
ಬಟ್ಟೆಯ ಒಂದು ಚುಂಗು ಕೆಳಗೆ ಇಳಿದಿತ್ತು.

ಯಾರೋ ಶಾಯಿ ಅಂದರು, ಯಾರೋ ಟೂತ್‌ಪೇಸ್ಟ್,
ಯಾರೋ ಕಾಫಿಪುಡಿಯ ಡಬ್ಬ ತಂದೇಬಿಟ್ಟರು.
'ಪಾಣೀ! ಫಕ್ತ ಪಾಣೀ!' ಎಂದು ಗದರುತ್ತ
ಪಕ್ಕದ ಶೇವಂತಾಬಾಯಿ ಸೊಂಟದ ಕೊಡವನ್ನು
ಹಾಗೇ ನಿನ್ನ ಮೇಲೆ ವಾಲಿಸಿದಳು.
ಆಮೇಲೆ ಝುಬೇದಾ ಚಾಚಿಯ ಎರಡು ಕ್ಯಾನು.
ಪಾಟಣ್ಕರರ ಪೂರ್ತಿ ಪೀಪಾಯಿ.
ಮೇಲಿನ ಮನೆಯ ಅಜ್ಜಿ ದೇವರಿಗೆಂದು ತುಂಬಿದ ತಂಬಿಗೆ.
ಒಂದೊಂದು ಹನಿಯೂ ನೂರಾ ಹನ್ನೊಂದು ಮೆಟ್ಟಿಲು
ಹತ್ತಿ ಬಂದದ್ದು
ನಿನ್ನ ಕೈಮೇಲಿಂದ ಇಳಿದು ಮೋರಿಗೆ ಹೋಯಿತು.
ಅಷ್ಟರಲ್ಲಿ ನಲ್ಲಿ ನಿಂತಿತ್ತು.

ಆ ದಿನ ನಮ್ಮ ಸಾಲಿನಲ್ಲಿ ಯಾರೂ ಮೀಯಲಿಲ್ಲ.
ಪಾಟಣ್ಕರರು ಮುಖ ತೊಳೆಯದೆ ಡ್ಯೂಟಿಗೆ ಹೋದರು.
ಬೇಳೆ ಬೇಯಲಿಲ್ಲ, ಮಕ್ಕಳು ಒಣ ಪಾವ್ ತಿಂದವು.
ಯಾರೂ ಲೆಕ್ಕ ಎತ್ತಲಿಲ್ಲ.
ಮರುದಿನ ನಲ್ಲಿಯ ಸರದಿಯಲ್ಲಿ
ಅಮ್ಮನ ಕೊಡವನ್ನು ಮಾತ್ರ ಮುಂದೆ ತಳ್ಳಿದರಂತೆ.
ರಾಜಾವಾಡಿಯ ಡಾಕ್ಟರು ಕೇಳಿದ್ದರು,
'ನೀರು ಹಾಕಿದ್ದು ಯಾರು? ಬೆರಳು ಉಳಿದವು.'
ಅಮ್ಮ ಹೇಳಹೋಗಿ, ಒಂದು ಹೆಸರೂ ನಾಲಿಗೆಗೆ ಬಾರದೆ
ಗೋಡೆಗೆ ಒರಗಿದಳು.

ಇಷ್ಟು ಹೇಳಿದೆ.

ಹೇಳದೆ ಉಳಿದದ್ದು:
ನಾನು ಕಪಾಟಿನ ಕನ್ನಡಿಯೆದುರು ಇದ್ದೆ,
ಅಮ್ಮನ ಬಿಂದಿಗಳಲ್ಲೇ ದೊಡ್ಡದನ್ನು ಹಣೆಗೊತ್ತಿಕೊಂಡು,
ಅಮ್ಮನಂತೆ ಹುಬ್ಬು ಗಂಟಿಕ್ಕಿ.
ಕನ್ನಡಿಯಲ್ಲಿ ಅವನೂ ಇದ್ದ.
ಎದ್ದು ನಿಂತದ್ದನ್ನು ನೋಡಿದೆ.
ಚಪ್ಪಾಳೆ ತಟ್ಟಿದೆ.

ಆಸ್ಪತ್ರೆಯ ಬೆಂಚಿನಲ್ಲಿ ಅಪ್ಪ
ಉದ್ದಿನ ಹಿಟ್ಟು ಒಣಗಿದ ಹೆಬ್ಬೆರಳಿನಿಂದ
ಆ ಬಿಂದಿಯನ್ನು ಮೆಲ್ಲಗೆ ಕಿತ್ತು, ಬೆಂಚಿನಡಿಗೆ ಅಂಟಿಸಿ,
ನನ್ನ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡ.
ಕೇಳಲಿಲ್ಲ.
ಅಮ್ಮ ಹೋಗಿಯೇ ಹೋದಳು, ಅವಳೂ ಕೇಳಲಿಲ್ಲ.

ತಮ್ಮ ಮಂಡಿ ಒರೆಸಿಕೊಂಡು ಏಳುತ್ತಾನೆ.
'ಮುಗೀತು. ಇನ್ನೇನೂ ಇಲ್ಲ ಬಿಡು.'
ನೋಯುವ ಮಂಡಿಯನ್ನು ಬಗ್ಗಿಸಿ ನಾನು ನೆಲಕ್ಕಿಳಿಯುತ್ತೇನೆ.
ಇಲ್ಲಿಂದ ಕಾಣುತ್ತದೆ:
ಊಟದ ಮೇಜಿನ ಹೊದಿಕೆ, ಗಾಳಿಗೆ ತೂಗುವ ಅದರ ಅಂಚು,
ಮೇಲೆ ನಮಗೆಂದೇ ಈಗಷ್ಟೇ ತಂದಿಟ್ಟ
ಎರಡು ಲೋಟ ಚಹಾ.
ಮಗುವಿಗೂ ಕಂಡಿದೆ.
ಕಾಲೂರಿ, ಕೈ ಎತ್ತಿ, ಎದ್ದು ನಿಲ್ಲುವ ಹುನ್ನಾರದಲ್ಲಿದೆ.

ಬಾ, ಪುಟ್ಟಿ,
ಇದನ್ನು ಹಿಡಿ,
ಎಂದು ನನ್ನ ತೋರುಬೆರಳು ಚಾಚುತ್ತೇನೆ.